ಸ್ಮೈಲಿ ಬಾಲ್ ಒತ್ತೋದು ಮೊದ್ಲು ನಿಲ್ಸಿ

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಮಂಡಿ ನೋವು, ಸೊಂಟ ನೋವಿನ ಪತ್ರಗಳು ಪ್ರತೀ ಸಲ ಇದ್ದಿದ್ದೇ. ಈ ಸಲ ಕೈಬೆರಳಿನ ನೋವಿನ ಬಗ್ಗೆ ತುಂಬಾ ಪತ್ರ ಬಂದಿವೆ, ಹಂಗಾಗಿ ಪೂರ್ತಿ ಕಾಲಂ ಅದಕ್ಕೇ. ಉದ್ದದ ಪತ್ರಗಳನ್ನ ಸ್ವಲ್ಪ ಕತ್ತರಿಸಿದೀನಿ, ಬೇಜಾರಾಗ್ಬೇಡಿ.

ಪ್ರ: ನಮಸ್ಕಾರ್ರೀ ಮೇಡಂ. ನನಗ ಈಗ 56. ಮನ್ಯಾಗ ಎರಡೂ ಹೊತ್ತು ಜ್ವಾಳದ ರೊಟ್ಟಿ ಆಗಬೇಕು. ಒಂದು ವರ್ಷದಿಂದ ಬಲಗೈ ಹೆಬ್ಬೆರಳಿನ ಬುಡದಾಗ ನೋವು ಐತಿ, ಹಿಟ್ಟು ನಾದೂವಾಗ ಚಳಕ್ ಅಂತೈತಿ, ಬಾಟ್ಲಿ ಮುಚ್ಚಳ ತಿರುವಾಕ ಆಗವಲ್ದು. ಎಕ್ಸ್‌ರೇ ತಗಸಿದ್ವಿ, ಸವದೈತಿ ಅಂದ್ರು. ಒಂದು ಮೆತ್ತನ್ನ ಬಾಲ್ ತಗೊಂಡು ದಿನಾ ಒತ್ರಿ ಅಂದ್ರು. ಒತ್ತಿದಷ್ಟೂ ನೋವು ಜಾಸ್ತೀನ ಆಗಾಕತ್ತೈತಿ. ಬಿಡ್ಲೋ, ಮುಂದುವರಸ್ಲೋ?
– ಗದಗ ಜಿಲ್ಲೆಯ ಓದುಗರು

ಉ: ಬಿಟ್ಬಿಡಿ ಅಕ್ಕಾ, ಇವತ್ತೇ ಬಿಟ್ಬಿಡಿ. ಆ ಹಳದಿ ಸ್ಮೈಲಿ ಬಾಲ್ ಮೇಲೆ ನಂಗೆ ಹಳೇ ಸಿಟ್ಟಿದೆ. ಕೈಗೆ ಏನೇ ಆಗಿರ್ಲಿ, ಪ್ಲಾಸ್ಟರ್ ಬಿಚ್ಚಿದ ಕೈ, ಸ್ಟ್ರೋಕ್ ಆದ ಕೈ, ಸಂಧಿವಾತದ ಕೈ, ಎಲ್ಲಕ್ಕೂ ಅದನ್ನೇ ಕೊಟ್ಟು ಕಳಿಸ್ತಾರೆ. ನಿಮಗಿರೋ ತೊಂದರೆಗಂತೂ ಅದು ಉಲ್ಟಾ ಕೆಲಸ ಮಾಡುತ್ತೆ. ಹೆಬ್ಬೆರಳು ಮಣಿಕಟ್ಟಿಗೆ ಸೇರೋ ಜಾಗದ ಕೀಲು ಕುದುರೆ ಜೀನಿನ ಥರ ಇರುತ್ತೆ, ಒಂದರ ಮೇಲೊಂದು ಕೂತು ಎಲ್ಲಾ ಕಡೆ ಜಾರುತ್ತೆ, ಅದಕ್ಕೇ ಹೆಬ್ಬೆರಳು ಅಷ್ಟು ಸಲೀಸಾಗಿ ಎಲ್ಲಾ ಬೆರಳನ್ನೂ ಮುಟ್ಟೋದು. ಆದ್ರೆ ಲೆಕ್ಕ ಏನಪ್ಪಾ ಅಂದ್ರೆ, ಬೆರಳ ತುದೀಲಿ ನೀವು 1 ಕಿಲೋ ಜೋರಿಂದ ಏನಾದ್ರೂ ಚಿವುಟಿ ಹಿಡಿದ್ರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತೆ. ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿಗಿರೋ ನುಣುಪು ಪದರ) ಸವೆದಿರೋ ಜಾಗದಲ್ಲಿ ಇಷ್ಟು ಭಾರ ಹೇರ್ಕೊಂಡು ದಿನಾ ಬಾಲ್ ಒತ್ತಿದ್ರೆ ಶಕ್ತಿ ಬರೋದಿರ್ಲಿ, ಇರೋ ನೋವೇ ಏರುತ್ತೆ.

ಹಂಗಂತ ಕೈ ಮಡಚಿಟ್ಕೊಂಡು ಕೂರೋದೂ ತಪ್ಪು, ಕೀಲು ಇನ್ನೂ ಬಿಗಿಯುತ್ತೆ. ಕೀಲನ್ನ ಭಾರ ಇಲ್ದೆ ಆಡಿಸ್ಬೇಕು, ಕೆಲಸದಲ್ಲಿ ಅದರ ಮೇಲೆ ಬೀಳೋ ಭಾರನ ಬೇರೆ ಕಡೆ ದಾಟಿಸ್ಬೇಕು.

ಮೊದ್ಲು ಆಡಿಸೋದು. ಬಿಸಿ ನೀರಲ್ಲಿ ಐದು ನಿಮಿಷ ಕೈ ಇಟ್ಟು ತೆಗೀರಿ. ಹೆಬ್ಬೆರಳು ತೋರುಬೆರಳಿನ ಮಧ್ಯ ಇರೋ ಮಾಂಸಖಂಡನ ಇನ್ನೊಂದು ಕೈಯಿಂದ ಹಿಡಿದು ಮೆಲ್ಲಗೆ ಒತ್ತಿ, ಅದು ಗಟ್ಟಿಯಾಗಿ ಹೆಬ್ಬೆರಳನ್ನ ಒಳಕ್ಕೆ ಎಳೀತಿರುತ್ತೆ, ಅದನ್ನ ಸಡಿಲ ಮಾಡ್ಬೇಕು. ಆಮೇಲೆ ಒಂದು ದಪ್ಪ ಲೋಟ ಹಿಡಿಯೋಕೆ ಹೋಗೋ ಹಾಗೆ ಹೆಬ್ಬೆರಳನ್ನ ಅಗಲಕ್ಕೆ ತೆಗೆದು 5 ಸೆಕೆಂಡ್ ನಿಲ್ಲಿಸಿ ಬಿಡಿ, ಒಂದು ಹತ್ತು ಸಲ. ಇಲ್ಲೊಂದು ಗಮನಿಸಿ, ಹೆಬ್ಬೆರಳಿನ ಗೆಣ್ಣುಗಳು ಹೊರಕ್ಕೆ ಲೈಟಾಗಿ ಬಾಗಿ ದುಂಡಗಿರ್ಬೇಕು, ಯಾವ ಗೆಣ್ಣೂ ಒಳಕ್ಕೆ ಕುಸಿದು ಹಿಮ್ಮುಖ ಆಗ್ಬಾರ್ದು. ಕುಸೀತಿದ್ರೆ ಅಗಲ ಕಮ್ಮಿ ಮಾಡಿ. ಇನ್ನೊಂದು, ಅಂಗೈ ಕೆಳಗೆ ಮಾಡಿ ಕೈನ ಟೇಬಲ್ ಮೇಲಿಟ್ಟು ತೋರುಬೆರಳನ್ನ ಮಾತ್ರ ಹೆಬ್ಬೆರಳಿನ ಕಡೆಗೆ ಸರಿಸಿ, ಇನ್ನೊಂದು ಕೈ ಬೆರಳಿಂದ ಸ್ವಲ್ಪ ತಡೀರಿ. ನೋಡಕ್ಕೆ ಏನೂ ಅನ್ಸಲ್ಲ ಇದು, ಆದ್ರೆ ಆ ಸ್ನಾಯು ಗಟ್ಟಿಯಾದ್ರೆ ಬುಡದ ಕೀಲು ಜಾರದೆ ಜಾಗದಲ್ಲಿ ನಿಲ್ಲೋಕೆ ಅನುಕೂಲ. ಅಳತೆ ಏನು ಅಂದ್ರೆ, ಮಾಡುವಾಗ ಅಲ್ಪಸ್ವಲ್ಪ ನೋವು ಓಕೆ, ಮಾಡಿ 2 ಗಂಟೆ ಆದ್ಮೇಲೂ ನೋವು ಏರಿದ್ದು ಇಳೀಲಿಲ್ಲ ಅಂದ್ರೆ ಜಾಸ್ತಿ ಆಗಿದೆ ಅಂತ, ಮಾರನೇ ದಿನ ಅರ್ಧಕ್ಕಿಳಿಸಿ.

ಇನ್ನು ರೊಟ್ಟಿ. ಬಿಡಿ ಅಂತ ನಾನು ಹೇಳಿದ್ರೂ ನೀವು ಬಿಡಲ್ಲ, ಗೊತ್ತು ನಂಗೆ. ನಿಜ ಹೇಳ್ಬೇಕಂದ್ರೆ ರೊಟ್ಟಿ ಬಡಿಯೋದು ಅಂಗೈ ಬಿಚ್ಚಿ ಮಾಡೋ ಕೆಲಸ, ಹೆಬ್ಬೆರಳಿಗೆ ಅದು ಅಷ್ಟು ದೊಡ್ಡ ಶತ್ರು ಅಲ್ಲ. ಶತ್ರು ಇರೋದು ಅದರ ಹಿಂದೆ ಮುಂದೆ: ಹಿಟ್ಟನ್ನ ಹೆಬ್ಬೆರಳಿಂದ ತಿವಿದು ತಿವಿದು ನಾದೋದು, ಬಿಸಿ ಹಂಚನ್ನ ಇಕ್ಕಳದಲ್ಲಿ ಚಿವುಟಿ ಹಿಡಿದು ಇಳಿಸೋದು, ಆಮೇಲೆ ಒರೆಸೋ ಬಟ್ಟೆ ಹಿಂಡೋದು. ನಾದುವಾಗ ಪರಾತ ಸ್ವಲ್ಪ ತಗ್ಗಲ್ಲಿಟ್ಟು, ಮೊಣಕೈ ನೆಟ್ಟಗೆ ಮಾಡಿ, ಅಂಗೈ ಬುಡದಿಂದ ಮೈಭಾರ ಹಾಕಿ ನಾದಿ, ಹೆಬ್ಬೆರಳು ಪಕ್ಕಕ್ಕೆ ಮಲಗಿರ್ಲಿ. ಹಂಚು ಇಕ್ಕಳದಲ್ಲಿ ಬೇಡ, ಎರಡೂ ಕಡೆ ಹಿಡಿ ಇರೋದು ತಗೊಂಡು ಎರಡು ಕೈಯಿಂದ ದಪ್ಪ ಬಟ್ಟೆ ಹಾಕಿ ಇಳಿಸಿ, ಇಲ್ಲಾಂದ್ರೆ ತಣ್ಣಗಾಗೋ ತನಕ ಅಲ್ಲೇ ಬಿಡಿ. ಒದ್ದೆ ಬಟ್ಟೆನ ನಲ್ಲಿಗೆ ಸುತ್ತಿ ಒಂದು ಕಡೆಯಿಂದ ಎಳೆದ್ರೆ ನೀರು ಇಳಿಯುತ್ತೆ, ತಿರುಚಬೇಕಿಲ್ಲ. ಮನೇಲಿ ಗಂಡಸರಿದ್ದಾರಲ್ಲ, ಹಿಟ್ಟು ನಾದೋಕೆ ಅವರಿಗೂ ಎರಡು ಕೈ ಇವೆ ಅಂತ ನೆನಪು ಮಾಡಿ, ಇದು ತಮಾಷೆಗೆ ಹೇಳ್ತಿಲ್ಲ.

ಹೆಬ್ಬೆರಳಿನ ಸ್ಪ್ಲಿಂಟ್ ಅಂತ ಕೀಲಿಗೆ ಆಸರೆ ಕೊಡೋ ಪಟ್ಟಿ ಸಿಗುತ್ತೆ, ಬುಡದ ಕೀಲನ್ನ ಹಿಡಿದು ತುದಿ ಗೆಣ್ಣನ್ನ ಆಡೋಕೆ ಬಿಡೋ ಅಂಥದ್ದು ನೋಡಿ ತಗೊಳ್ಳಿ. ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಸಲೀಸಾಗಿ ಮಾಡೋಕೆ ನೆರವಾಗೋರು) ಇದ್ರೆ ಪ್ಲಾಸ್ಟಿಕ್ ಶೀಟ್ ಬಿಸಿ ಮಾಡಿ ನಿಮ್ಮ ಕೈ ಅಳತೆಗೇ ಮಾಡ್ಕೊಡ್ತಾರೆ. ಒಂದು ವಾರ ಹಾಕಿ ಏನೂ ಆಗ್ಲಿಲ್ಲ ಅಂತ ಅಟ್ಟಕ್ಕೆ ಎಸೀಬೇಡಿ, ಕೆಲಸ ಮಾಡುವಾಗೆಲ್ಲಾ ಹಾಕ್ಕೊಂಡು ಕಮ್ಮಿ ಅಂದ್ರೂ 3 ತಿಂಗಳು ನೋಡ್ಬೇಕು. ನೋವು ಜಾಸ್ತಿ ಇರೋ ದಿನ ನುಂಗೋ ಮಾತ್ರೆಗಿಂತ ಮೊದ್ಲು ಹಚ್ಚೋ ಡೈಕ್ಲೋಫೆನಾಕ್ ಜೆಲ್ ಬಗ್ಗೆ ಡಾಕ್ಟ್ರನ್ನ ಕೇಳಿ, ಹೊಟ್ಟೆಗೂ ಕಿಡ್ನಿಗೂ ಅದು ವಾಸಿ. ಹಿಟ್ಟು ಮುಟ್ಟೋ ಮುಂಚೆ ಮಾತ್ರ ಹಚ್ಬೇಡಿ.

ಪ್ರ: ನಂಗೆ 34, ಪಾಪು ಹುಟ್ಟಿ ಐದು ತಿಂಗಳಾಯ್ತು. ಬೆಳಗ್ಗೆ ಎದ್ರೆ ಎರಡೂ ಕೈ ಬೆರಳು ಮಡಚಕ್ಕೇ ಆಗಲ್ಲ, ಸ್ನಾನ ತಿಂಡಿ ಎಲ್ಲಾ ಆಗೋ ಹೊತ್ತಿಗೆ ಸ್ವಲ್ಪ ಬಿಡುತ್ತೆ. ಬೆರಳಿನ ಬುಡದ ಗೆಣ್ಣು ಊದಿ ಮೆತ್ತಗಿದೆ, ಉಂಗುರ ಹೋಗ್ತಿಲ್ಲ. ಅಮ್ಮ ಬಾಣಂತಿ ವಾಯು ಅಂತಾರೆ, ಬಿಸಿ ಎಣ್ಣೆ ಹಚ್ತಾರೆ. ಯೂಟ್ಯೂಬ್ ನೋಡಿ ಎಕ್ಸರ್‌ಸೈಜ್ ಮಾಡ್ತಿದೀನಿ, ಇನ್ನೇನು ಮಾಡ್ಬೇಕು?
– ಬೆಂಗಳೂರು

ಉ: ನಿಮಗೆ ನಾನು ಈಗ ಎಕ್ಸರ್‌ಸೈಜ್ ಹೇಳ್ಕೊಡಲ್ಲ. ಮೊದ್ಲು ರುಮಟಾಲಜಿಸ್ಟ್, ಅಂದ್ರೆ ಸಂಧಿವಾತದ ಸ್ಪೆಷಲಿಸ್ಟ್ ಡಾಕ್ಟ್ರ ಹತ್ರ ಹೋಗಿ, ಈ ವಾರವೇ. ಎರಡೂ ಕೈಲಿ ಒಂದೇ ಥರ ಊತ, ಬೆಳಗಿನ ಬಿಗಿತ ಗಂಟೆ ಹತ್ರ ಇರೋದು, ಗೆಣ್ಣು ಮುಟ್ಟಿದ್ರೆ ಮೆತ್ತಗಿರೋದು, ಇದೆಲ್ಲಾ ಸವೆತದ ಲಕ್ಷಣ ಅಲ್ಲ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಬಿಟ್ಬಿಡುತ್ತೆ, ಗಂಟು ಗಟ್ಟಿಯಾಗಿರುತ್ತೆ. ನಿಮ್ಮದು ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳೋ ಸಂಧಿವಾತ) ಇರ್ಬಹುದು ಅನ್ನೋ ಅನುಮಾನ ಬರುತ್ತೆ, ಹೆರಿಗೆ ಆದ ಮೇಲಿನ ತಿಂಗಳುಗಳಲ್ಲಿ ಅದು ಶುರುವಾಗೋದು ಹೊಸದೇನಲ್ಲ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಬರ್ಕೊಡ್ತಾರೆ. ಬೇಗ ಔಷಧಿ ಶುರು ಆದ್ರೆ ಕೀಲು ಹಾಳಾಗೋದು ತಪ್ಪುತ್ತೆ, ಒಂದ್ಸಲ ಬೆರಳು ಸೊಟ್ಟಗಾದ್ಮೇಲೆ ಯಾವ ಫಿಸಿಯೋನೂ ನೆಟ್ಟಗೆ ಮಾಡಕ್ಕಾಗಲ್ಲ. ಪಾಪುಗೆ ಹಾಲು ಕುಡಿಸ್ತಿದ್ರೆ ಅದನ್ನ ಡಾಕ್ಟ್ರಿಗೆ ಮೊದಲ ಮಾತಲ್ಲೇ ಹೇಳಿ, ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡೋ ಮೆಥೊಟ್ರೆಕ್ಸೇಟ್ ಥರದ್ದು ಆಗ ಕೊಡಲ್ಲ, ಬೇರೆ ಔಷಧಿ ಇವೆ. ಮುಂದೆ ಯಾವಾಗಾದ್ರೂ ಅದನ್ನ ಬರ್ಕೊಟ್ರೆ ನೆನಪಿಡಿ, ಅದು ವಾರಕ್ಕೊಂದು ದಿನ ತಗೊಳ್ಳೋ ಔಷಧಿ, ದಿನಾ ನುಂಗಿದ್ರೆ ಪ್ರಾಣಕ್ಕೇ ಅಪಾಯ.

ಔಷಧಿ ಹಿಡಿದು ಊತ ಇಳಿದ್ಮೇಲೆ ಬನ್ನಿ, ಆಗ ಎಕ್ಸರ್‌ಸೈಜಿಗೆ ನಿಜವಾದ ಬೆಲೆ. ಇಂಗ್ಲೆಂಡಲ್ಲಿ ಸಾರಾ ಅನ್ನೋ ಹೆಸರಲ್ಲಿ 490 ಜನ ರುಮಟಾಯ್ಡ್ ರೋಗಿಗಳ ಮೇಲೆ ಒಂದು ಟ್ರಯಲ್ ಆಯ್ತು, 2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಮಾತ್ರೆ ಜೊತೆಗೆ ಕೈ ಆಡಿಸೋ ಮತ್ತೆ ಬಲ ಕೊಡೋ ವ್ಯಾಯಾಮ ಕಲ್ತು ಮನೇಲಿ ಮಾಡಿದವರ ಕೈ ಕೆಲಸ ವರ್ಷ ಆದ್ಮೇಲೂ ಉಳಿದವರಿಗಿಂತ ಚೆನ್ನಾಗಿತ್ತು. ನೋವಲ್ಲಿ ಮಾತ್ರ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ಅಂದ್ರೆ ಗುಂಡಿ ಹಾಕೋದು, ಬೀಗ ತೆಗೆಯೋದು, ಮಗು ಎತ್ಕೊಳ್ಳೋದು ಇದಕ್ಕೆ ವ್ಯಾಯಾಮ, ನೋವಿಗೂ ಊತಕ್ಕೂ ಔಷಧಿ, ಒಂದರ ಕೆಲಸ ಇನ್ನೊಂದು ಮಾಡಲ್ಲ. ಅಲ್ಲೀವರೆಗೆ ಬಿಸಿ ನೀರಲ್ಲಿ ಬೆರಳು ಮೆಲ್ಲಗೆ ಮಡಚಿ ಬಿಚ್ಚೋದು ಸಾಕು, ಅಮ್ಮನ ಎಣ್ಣೆ ಇರ್ಲಿ, ಊದಿರೋ ಗೆಣ್ಣನ್ನ ಒತ್ತಿ ತಿಕ್ಕೋದು ಬೇಡ. ಮಗೂನ ಬೆರಳ ಮೇಲೆ ಭಾರ ಬಿಟ್ಟು ಎತ್ತಬೇಡಿ, ಎರಡೂ ಮುಂಗೈ ಕೆಳಗೆ ಹಾಕಿ ಬಾಚಿ ಎತ್ಕೊಳ್ಳಿ.

ಪ್ರ: ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಬೆರಳ ತುದಿಯ ಗೆಣ್ಣುಗಳಲ್ಲಿ ಬಟಾಣಿಯಷ್ಟು ಗಟ್ಟಿ ಗಂಟುಗಳಾಗಿವೆ. ನನ್ನ ತಾಯಿಗೂ ಹೀಗೇ ಇತ್ತು. ಮಗ ಯೂರಿಕ್ ಆಸಿಡ್ ಇರಬೇಕು ಎನ್ನುತ್ತಾನೆ, ಪರೀಕ್ಷೆ ಮಾಡಿಸಿದರೆ ನಾರ್ಮಲ್ ಬಂದಿದೆ. ತಿಕ್ಕಿದರೆ ಕರಗುತ್ತವೆಯೇ? ಮೇಣದ ಚಿಕಿತ್ಸೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಸಂಜೆ ಅಡಿಕೆ ಸುಲಿಯಲು ಕೂತರೆ ನೋವು ಹೆಚ್ಚು. ಸಕ್ಕರೆ ಕಾಯಿಲೆ ಇದೆ.
– ಶಿರಸಿ

ಉ: ಕರಗಲ್ಲ ಸರ್, ಅದು ಮೂಳೆಯೇ ಬೆಳೆದಿರೋದು. ಹೆಬರ್ಡನ್ ಗಂಟು ಅಂತ ಹೆಸರು, 18ನೇ ಶತಮಾನದ ಇಂಗ್ಲಿಷ್ ವೈದ್ಯ ವಿಲಿಯಂ ಹೆಬರ್ಡನ್ ಇದನ್ನ ವಿವರಿಸಿದ್ರು, ಇದಕ್ಕೂ ಗೌಟಿಗೂ (ಯೂರಿಕ್ ಆಸಿಡ್ ಜಾಸ್ತಿಯಾಗಿ ಬರೋ ಕೀಲು ನೋವು) ಸಂಬಂಧ ಇಲ್ಲ ಅಂತ ಅವರೇ ಬರ್ದಿದ್ರು, ನಿಮ್ಮ ಮಗನಿಗೆ ಹೇಳಿ. ತಾಯಿಗಿತ್ತು ಅಂದ್ರಲ್ಲ, ಮನೆತನದಲ್ಲಿ ಬರೋದೇ ಇದು. ಗಂಟು ಏಳುವಾಗ ಕೆಂಪಗಾಗಿ ನೋಯುತ್ತೆ, ಕೆಲವು ತಿಂಗಳಲ್ಲಿ ಎಷ್ಟೋ ಜನಕ್ಕೆ ನೋವು ತಾನೇ ಇಳಿಯುತ್ತೆ, ಗಂಟು ಹಂಗೇ ಇರುತ್ತೆ.

ಮೇಣ ಮನೇಲಿ ಬೇಡ, ಅದರಲ್ಲೂ ನಿಮಗೆ ಬೇಡವೇ ಬೇಡ. ಕ್ಲಿನಿಕ್‌ನಲ್ಲಿ ಪ್ಯಾರಾಫಿನ್‌ಗೆ ಎಣ್ಣೆ ಬೆರೆಸಿ 52ರಿಂದ 54 ಡಿಗ್ರಿಯಲ್ಲಿ ನಿಲ್ಲೋ ಮೆಷಿನ್ ಇರುತ್ತೆ. ಮೇಣದಬತ್ತಿ ಕರಗಿಸಿದ್ರೆ ಅದು ಇನ್ನೂ ಬಿಸಿ, ಗ್ಯಾಸ್ ಮೇಲಿಟ್ರೆ ಬೆಂಕಿ ಹತ್ಕೊಳ್ಳೋ ವಸ್ತು. ಶುಗರ್ ಇರೋರಿಗೆ ಬೆರಳಲ್ಲಿ ಸ್ಪರ್ಶ ಕಮ್ಮಿ ಆಗಿದ್ರೆ ಸುಟ್ಟಿದ್ದೂ ಗೊತ್ತಾಗಲ್ಲ. ಬೆಚ್ಚಗಿನ ನೀರು ಸಾಕು, ಬಿಸಿ ಎಷ್ಟಿದೆ ಅಂತ ಮನೆಯವರ ಕೈಲಿ ನೋಡಿಸಿ ಆಮೇಲೆ ಅದ್ದಿ. ಕ್ಲಿನಿಕ್‌ಗೆ ಹೋದ್ರೂ ಅಷ್ಟೇ, ಬರೀ ಮೇಣ ಹಾಕಿ, ಕರೆಂಟ್ ಕೊಟ್ಟು, ಕೈನ ಒಂದ್ಸಲನೂ ಆಡಿಸದೆ ದುಡ್ಡು ತಗೊಂಡು ಕಳಿಸಿದ್ರೆ ಅದು ಫಿಸಿಯೋಥೆರಪಿ ಅಲ್ಲ ಅಂತ ನನ್ನ ಲೆಕ್ಕ. ಕಾವು ಇರೋದೇ ಆಮೇಲೆ ಕೈ ಸಲೀಸಾಗಿ ಆಡ್ಲಿ ಅಂತ.

ಆಡಿಸೋದು ಹೀಗೆ: ಬೆರಳೆಲ್ಲಾ ನೆಟ್ಟಗೆ, ಆಮೇಲೆ ಮೇಲಿನೆರಡು ಗೆಣ್ಣು ಮಾತ್ರ ಕೊಕ್ಕೆ ಥರ ಮಡಚಿ, ಮತ್ತೆ ನೆಟ್ಟಗೆ, ಆಮೇಲೆ ಪೂರ್ತಿ ಮುಷ್ಟಿ, ಮತ್ತೆ ನೆಟ್ಟಗೆ, ಕೊನೆಗೆ ಬೆರಳು ನೆಟ್ಟಗಿಟ್ಟು ಬುಡದ ಗೆಣ್ಣಲ್ಲಿ ಮಾತ್ರ ಬಗ್ಗಿಸಿ. ಐದೈದು ಸಲ, ದಿನಕ್ಕೆ ಎರಡು ಮೂರು ಹೊತ್ತು. ಮೆಟ್ಟುಗತ್ತಿ ಮುಂದೆ ಕೂತಾಗ ಒಂದೊಂದು ಅಡಿಕೇನೂ ಬೆರಳ ತುದೀಲೇ ಹಿಡಿದು ಒತ್ಬೇಕಲ್ಲ, ಪೆಟ್ಟು ಬೀಳೋದು ಅದೇ ತುದಿ ಗೆಣ್ಣಿಗೆ. ಒಂದೇ ಕೂರಿಕೆ ಬೇಡ, ಅರ್ಧ ಗಂಟೆಗೊಮ್ಮೆ ಕೈ ಬಿಡಿ, ಅಥವಾ ಊರಲ್ಲಿ ಸುಲಿಯೋ ಮೆಷಿನ್ ಇದ್ರೆ ಅಲ್ಲಿಗೆ ಹಾಕಿ. ಪೆನ್ನಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡ್ಕೊಳ್ಳಿ, ಬರೆಯೋಕೆ ಸುಲಭ ಆಗುತ್ತೆ.

ಪ್ರ: ಆಲೂಗಡ್ಡೆ, ಬದನೆಕಾಯಿ, ಮೊಸರು, ಹುಣಸೆಹುಳಿ ಬಿಟ್ರೆ ಕೈ ನೋವು ಹೋಗುತ್ತಾ?
– ಹಾಸನ

ಉ: ಹೋಗಲ್ಲ. ತಿಂದಾಗ ನಿಮಗೇ ಖಚಿತವಾಗಿ ಜಾಸ್ತಿ ಆಗೋದು ಯಾವ್ದಾದ್ರೂ ಇದ್ರೆ ಅದೊಂದನ್ನ ಬಿಡಿ, ಪಟ್ಟಿ ಮಾಡ್ಕೊಂಡು ಊಟಾನೇ ಬಿಡ್ಬೇಡಿ. ಅದಕ್ಕಿಂತ, ಒಂದೇ ಡೋಸಲ್ಲಿ ನೋವು ಮಾಯ ಅಂತ ಹೆಸರಿಲ್ದೇ ಇರೋ ಪುಡಿ ಮಾತ್ರೆ ಕೊಡ್ತಾರಲ್ಲ, ಅದರ ಬಗ್ಗೆ ಹುಷಾರಾಗಿರಿ, ಅಂಥದ್ರಲ್ಲಿ ಸ್ಟಿರಾಯ್ಡ್ ಬೆರೆಸಿರೋದುಂಟು. ಮುಖ ಊದಿ ಶುಗರ್ ಏರಿದ್ಮೇಲೆ ಗೊತ್ತಾಗುತ್ತೆ.

ಪ್ರ: ಚಿಕೂನ್‌ಗುನ್ಯಾ ಬಂದು ನಾಲ್ಕು ತಿಂಗಳು. ಜ್ವರ ಹೋಯ್ತು, ಬೆರಳು ನೋವು ಹೋಗಿಲ್ಲ. ಇದೂ ಸಂಧಿವಾತನಾ?
– ತುಮಕೂರು

ಉ: 2006ರಲ್ಲಿ ನಮ್ಮ ರಾಜ್ಯದಲ್ಲಿ ದೊಡ್ಡದಾಗಿ ಹರಡಿತ್ತಲ್ಲ, ಆಗ ನೋಡಿದವರಿಗೆ ಇದು ಗೊತ್ತು, ಕೆಲವರಿಗೆ ತಿಂಗಳುಗಟ್ಲೆ ಎಳೆಯುತ್ತೆ, ವರ್ಷ ದಾಟೋದೂ ಇದೆ. ಶಿರಸಿ ಮೇಷ್ಟ್ರಿಗೆ ಹೇಳಿದ ಬೆರಳಾಡಿಸೋ ಕ್ರಮ ನೀವೂ ಮಾಡಿ. ಆದ್ರೆ 3 ತಿಂಗಳು ದಾಟಿದೆ, ಊತ ಇದ್ರೆ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ರುಮಟಾಯ್ಡ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಪ್ರ: ನಮ್ಮನೇಲಿ ನಾಲ್ಕು ಹಸ ಅವೆ, ಡೇರಿಗೆ ಹಾಲು ಹಾಕ್ತೀವಿ. ನಮ್ಮ ಮನೆಯವ್ರು ಎರಡೊತ್ತೂ ಕರೀತಾರೆ. ರಾತ್ರಿ ಕೈ ಜೋಮು ಹಿಡಿದು ಎದ್ದು ಕೂತ್ಕತಾರೆ, ಕೈ ಒದರಿದ್ರೆ ಸರಿ ಹೋಗ್ತದೆ. ಹೆಬ್ಬೆಟ್ಟು ಗೆಣ್ಣೂ ನೋವು. ಮೂಳೆ ಸವೆತದ ಮಾತ್ರೆ ತತ್ತಾ ಇದೀವಿ, ಏನೂ ಪ್ರಯೋಜನ ಇಲ್ಲ.
– ಮಂಡ್ಯ

ಉ: ಇಲ್ಲಿ ಎರಡು ತೊಂದರೆ ಇದ್ದಂಗಿದೆ ಅಣ್ಣ. ರಾತ್ರಿ ಜೋಮು ಹಿಡಿದು ಕೈ ಒದರಿದ್ರೆ ಹೋಗೋದು ಬಹುಶಃ ಸಂಧಿವಾತ ಅಲ್ಲ, ಮಣಿಕಟ್ಟಿನ ಒಳಗೆ ನರ ಅಮುಕ್ತಾ ಇರೋದು, ಕಾರ್ಪಲ್ ಟನಲ್ ಅಂತಾರೆ. ಮಲಗುವಾಗ ಮಣಿಕಟ್ಟು ನೆಟ್ಟಗಿಡೋ ಸ್ಪ್ಲಿಂಟ್ ಹಾಕ್ಲಿ, ಕೈ ಮಡಚಿ ತಲೆ ಕೆಳಗಿಟ್ಟು ಮಲಗೋದು ಬೇಡ. ಶುಗರ್, ಥೈರಾಯ್ಡ್ ಎರಡೂ ಒಂದ್ಸಲ ಟೆಸ್ಟ್ ಮಾಡ್ಸಿ, ಅವುಗಳಿಂದಲೂ ಹಿಂಗಾಗುತ್ತೆ.

ಹೆಬ್ಬೆಟ್ಟಿನ ನೋವಿಗೆ ಅವರು ಹಾಲು ಕರೆಯೋದನ್ನ ಒಂದ್ಸಲ ಕೂತು ನೋಡಿ. ಹೆಬ್ಬೆಟ್ಟು ಒಳಕ್ಕೆ ಮಡಚಿ ಗೆಣ್ಣಿಂದ ಮೊಲೆನ ಒತ್ತಿ ಎಳೀತಿದ್ರೆ ಗೆಣ್ಣಿಗೆ ಪೆಟ್ಟು ಬೀಳ್ತಿರೋದು ಅಲ್ಲೇ. ಪಶುವೈದ್ಯರೂ ಅದು ಬೇಡ ಅಂತಾರೆ, ಹಸುವಿನ ಮೊಲೆಗೂ ಗಾಯ ಆಗುತ್ತೆ. ಪೂರ್ತಿ ಮುಷ್ಟೀಲಿ ಹಿಡಿದು ಮೇಲಿಂದ ಒಂದೊಂದೇ ಬೆರಳು ಮುಚ್ಚುತ್ತಾ ಹಿಂಡೋದು ಕಲೀಲಿ, ಮೊದಮೊದಲು ನಿಧಾನ ಆಗುತ್ತೆ. ಆದ್ರೆ ಜೋಮು ಇರೋ ಕೈಗೆ ದಿನಾ ನಾಲ್ಕು ಹಸು ಅಂದ್ರೆ ಅದೂ ಜಾಸ್ತಿನೇ, ಒಂದು ಹೊತ್ತು ನೀವು ಕರೀರಿ, ಅಥವಾ ಡೇರಿ ಕಾರ್ಯದರ್ಶಿ ಹತ್ರ ಹಾಲು ಕರೆಯೋ ಮೆಷಿನ್‌ಗೆ ಸಬ್ಸಿಡಿ ಏನಾದ್ರೂ ಇದ್ಯಾ ಕೇಳಿ. ಆರು ವಾರ ಸ್ಪ್ಲಿಂಟ್ ಹಾಕಿಯೂ ಜೋಮು ಇಳೀಲಿಲ್ಲ, ಇಲ್ಲಾ ಹೆಬ್ಬೆಟ್ಟಿನ ಬುಡದ ಮಾಂಸ ಬತ್ತಿದಂಗೆ ಕಾಣ್ತಿದೆ, ಕೈಯಿಂದ ಚೊಂಬು ಜಾರ್ತಿದೆ ಅಂದ್ರೆ ಕಾಯ್ಬೇಡಿ, ನರದ ಟೆಸ್ಟ್ ಮಾಡ್ಸಿ. ಸವೆತದ ಮಾತ್ರೇನ ಸದ್ಯಕ್ಕೆ ಡಾಕ್ಟ್ರಿಗೆ ತೋರಿಸಿ, ಯಾಕೆ ತಗೊಳ್ತಿದೀವಿ ಅಂತ ಕೇಳಿ.