ಕಪಾಟಿನ ಕೆಳಗಿನ ಲೈಟು ಬದಲಾಯಿಸ್ಬೇಕು

ಪ್ರಶ್ನೆ: ಸರ್, ಅಡುಗೆಮನೆ ಕಪಾಟಿನ ಕೆಳಗೆ ಹಳೇ ಚೋಕಿನ ಟ್ಯೂಬ್‌ಲೈಟ್ ಇದೆ, ಮಿಣಮಿಣ ಅನ್ನುತ್ತೆ, ಗುಂಯ್ ಅಂತ ಸದ್ದು ಬೇರೆ. ಎಲ್‌ಇಡಿ ಹಾಕ್ಸೋದು ಹೇಗೆ?

ಉತ್ತರ: ಚೋಕು, ಸ್ಟಾರ್ಟರ್ ಸಮೇತ ಬಿಚ್ಚಿಸಿಬಿಡಿ ಅಮ್ಮ. 36 ವ್ಯಾಟ್ ಟ್ಯೂಬ್ ಇದ್ದ ಕಡೆ 20 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಫಿಟ್ಟಿಂಗ್ ಸಮೇತ ಬರೋ ಉದ್ದ ಲೈಟು) ಧಾರಾಳ ಸಾಕು. ಅಂಟಿಸೋ ತೆಳು ಪಟ್ಟಿ, ಸ್ಟ್ರಿಪ್ಪೇ ಬೇಕು ಅಂದ್ರೆ 12 ವೋಲ್ಟಿಂದಕ್ಕೆ ಡ್ರೈವರ್ (ಮನೆ ಕರೆಂಟನ್ನ 12 ವೋಲ್ಟಿಗೆ ಇಳಿಸೋ ಡಬ್ಬಿ) ಬೇಕೇ ಬೇಕು, ಅದನ್ನ ಒಲೆ ಸಿಂಕು ಎರಡರಿಂದ್ಲೂ ದೂರ ಇಡ್ಸಿ, ಸ್ಟ್ರಿಪ್ಪನ್ನ ಅಲ್ಯೂಮಿನಿಯಂ ಚಾನಲ್ ಒಳಗೇ ಹಾಕ್ಸಿ, ಬರೀ ಅಂಟು ನಂಬಿದ್ರೆ ಒಗ್ಗರಣೆ ಜಿಡ್ಡಿಗೆ ಜೋತುಬೀಳುತ್ತೆ, ನಮ್ಮನೇಲಿ ಸಾರಿನ ಪಾತ್ರೆ ಮೇಲೇ ಬಿದ್ದಿತ್ತು! ಬೆಳಕಿನ ಬಣ್ಣ 4000 ಕೆಲ್ವಿನ್, ಅಂದ್ರೆ ಹದವಾದ ಬಿಳಿ ತಗೊಳ್ಳಿ, ತೀರಾ ನೀಲಿಬಿಳಿ ಆದ್ರೆ ಸೊಪ್ಪು ಬಾಡಿದಂಗೆ ಕಾಣುತ್ತೆ. ಕೆಲಸಕ್ಕೆ ಮುಂಚೆ ಎಂಸಿಬಿ (ಮೇನ್ ಬೋರ್ಡಲ್ಲಿ ಕರೆಂಟು ಕಡಿಯೋ ಸ್ವಿಚ್ಚು) ಆಫ್ ಮಾಡ್ಸಿ. ಹಳೇ ಟ್ಯೂಬ್ ಒಡೀಬೇಡಿ, ಒಳಗೆ ಪಾದರಸ ಇರುತ್ತೆ.