ವಾಕಿಂಗ್ ಮಾಡಿದರೂ ತೂಕ ಇಳಿಯುತ್ತಿಲ್ಲ

ಪ್ರಶ್ನೆ: ವಯಸ್ಸು 42, ಗೃಹಿಣಿ, ತೂಕ 72 ಕೆ.ಜಿ. ಮನೆಯಲ್ಲಿ ನಾಲ್ಕು ಜನ. ದಿನಾ 45 ನಿಮಿಷ ನಡೆಯುತ್ತೇನೆ. ಮೂರು ತಿಂಗಳಾದರೂ ಒಂದು ಕೆ.ಜಿ.ಯೂ ಇಳಿದಿಲ್ಲ. ಪಕ್ಕದ ಮನೆಯವರು ಸಲೀಸಾಗಿ ಇಳಿಸಿದರು. ಯಾಕೆ ಹೀಗೆ?
– ಓದುಗರು, ದಾವಣಗೆರೆ

ಉತ್ತರ: ನಿಮಗೊಂದು ಅನುಕೂಲವಿದೆ: ಒಗ್ಗರಣೆ ಸೌಟು ನಿಮ್ಮ ಕೈಯಲ್ಲೇ ಇದೆ. ಹಾಸ್ಟೆಲ್, ಹೋಟೆಲ್ ಊಟದವರಿಗೆ ಆ ಭಾಗ್ಯವಿಲ್ಲ. ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ನೋಡಿ. ನಾಲ್ವರಿಗೆ 5 ಲೀಟರ್ ಎಂದರೆ ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ. ಅದನ್ನು 3 ಲೀಟರ್‌ಗೆ ಇಳಿಸಿದರೆ 25 ಮಿ.ಲೀ. ಆಗುತ್ತದೆ, ದಿನಕ್ಕೆ 140 ಕ್ಯಾಲರಿಯಷ್ಟು ಉಳಿತಾಯ. ನಿಮ್ಮ ನಡಿಗೆ ಕರಗಿಸುವುದೂ ಹೆಚ್ಚುಕಡಿಮೆ ಅಷ್ಟೇ! ಕ್ಯಾನಿನಿಂದ ನೇರ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ.

ಅಡುಗೆ ಮಾಡುವವರ ತೊಡಕೂ ಇದೇ ಅಡುಗೆಮನೆಯಲ್ಲಿದೆ. ಮಕ್ಕಳು ಬಿಟ್ಟ ಅರ್ಧ ದೋಸೆ, ಪಾತ್ರೆ ತಳದ ಚಿತ್ರಾನ್ನ, ‘ವೇಸ್ಟ್ ಆಗುತ್ತಲ್ಲ’ ಎಂದು ಬಾಯಿಗೆ ಹೋಗುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅಕ್ಕಿ ಹಾಕುವಾಗಲೇ ಅರ್ಧ ಪಾವು ಕಡಿಮೆ ಮಾಡಿ. ನಾಲ್ಕು ಲೋಟ ಟೀಗೆ ಎರಡೆರಡು ಚಮಚ ಸಕ್ಕರೆಯೆಂದರೆ 160 ಕ್ಯಾಲರಿ, ಚಮಚ ಒಂದಕ್ಕಿಳಿಸಿ.

ಪಲ್ಯ, ಮೊಳಕೆಕಾಳನ್ನು ತಟ್ಟೆಗೆ ಮೊದಲು ಬಡಿಸಿಕೊಳ್ಳಿ, ಅನ್ನ ಆಮೇಲೆ. ನಿದ್ದೆ ಏಳು ತಾಸು ಇರಲಿ. ಕೆಟ್ಟರೆ ಮರುದಿನ ಹಸಿವು ಜಾಸ್ತಿ.

ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಧಾರಾಳವಾಯಿತು. ಸುಸ್ತು, ಮುಟ್ಟಿನ ಏರುಪೇರು ಇದ್ದರೆ ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಿ.