ಬ್ರೂಕ್ ಟ್ರೌಟ್ ಬೆಟ್ಟದ ಮೇಲೇ ಯಾಕಿರುತ್ತದೆ?

ಪ್ರಶ್ನೆ: ಮಗಳ ಮನೆಗೆ ಅಂತ ಅಮೆರಿಕದ ಟೆನೆಸ್ಸಿಗೆ ಹೋಗಿದ್ದೆವು. ಅಲ್ಲಿನ ಗ್ರೇಟ್ ಸ್ಮೋಕಿ ಬೆಟ್ಟದ ಸಣ್ಣ ತೊರೆಯಲ್ಲಿ ಕೆಂಪು ಚುಕ್ಕೆಯ ಮೀನು ಕಂಡೆ. ಬ್ರೂಕ್ ಟ್ರೌಟ್ ಅಂದರು. ಅಷ್ಟು ತಿಳಿನೀರಿನಲ್ಲಿ ಅದಕ್ಕೆ ತಿನ್ನಲು ಏನು ಸಿಗುತ್ತದೆ? ಕೆಳಗಿನ ಹೊಳೆಯಲ್ಲಿ ಯಾಕೆ ಕಾಣುವುದಿಲ್ಲ? ನಮ್ಮ ತೋಟದ ಕೆರೆಯಲ್ಲಿ ಸಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಪುಣ್ಯವಂತರು. ಸ್ಮೋಕಿ ಬೆಟ್ಟಗಳಿಗೆ ಹುಟ್ಟಿನಿಂದ ಸೇರಿದ ಟ್ರೌಟ್ ಇದೊಂದೇ. ನಾನಿರುವುದು ಅಲ್ಲೇ ಹತ್ತಿರ, ನಾಕ್ಸ್‌ವಿಲ್‌ನಲ್ಲಿ. ಬೇಸಿಗೆಯಲ್ಲಿ ಸ್ಮೋಕಿ ಬೆಟ್ಟದ ರಾಷ್ಟ್ರೀಯ ಉದ್ಯಾನದವರು ಮೀನು ಎಣಿಸಲು ಹೊರಟರೆ ಬಕೆಟ್ ಹೊರಲು ಹೋಗುತ್ತೇನೆ. ನೀರಿಗೆ ಸ್ವಲ್ಪ ಕರೆಂಟ್ ಹಾಯಿಸಿದರೆ ಮೀನಿಗೆ ಒಂದು ಗಳಿಗೆ ಮಂಪರು. ಎತ್ತಿ, ಅಳೆದು, ವಾಪಸ್ ಬಿಡುತ್ತಾರೆ. ಆಗ ನೋಡಬೇಕು ಅದರ ಚೆಂದ! ಬೆನ್ನ ಮೇಲೆ ಹುಳು ಹರಿದಾಡಿದಂಥ ಗೆರೆ. ಪಕ್ಕದಲ್ಲಿ ಕೆಂಪು ಚುಕ್ಕೆ, ಅದರ ಸುತ್ತ ನೀಲಿ ಉಂಗುರ. ಕೆಳಗಿನ ಈಜುರೆಕ್ಕೆಗಳ ಅಂಚು ಬೆಳ್ಳಗೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ.

ಊಟದ ವಿಷಯ ತಿಳಿಯಬೇಕಾದರೆ ತೊರೆಯ ಒಂದು ಕಲ್ಲು ಮಗುಚಿ ನೋಡಿ. ಅಡಿಯಲ್ಲಿ ಮೇಫ್ಲೈ ಎಂಬ ಹಾರುವ ಕೀಟದ ಚಪ್ಪಟೆ ಮೈಯ ಮರಿಗಳು ಸರಸರ ಸರಿಯುತ್ತವೆ. ಪಕ್ಕದಲ್ಲೇ ಕ್ಯಾಡಿಸ್ ಎಂಬ ಇನ್ನೊಂದು ಕೀಟದ ಹುಳು ಮರಳಿನ ಕಾಳುಗಳನ್ನು ಅಂಟಿಸಿ ಕಟ್ಟಿಕೊಂಡ ಪುಟ್ಟ ಕೊಳವೆ. ಇವೇ ಅದರ ದಿನನಿತ್ಯದ ಊಟ. ಮೀನು ಕಲ್ಲಿನ ಮರೆಯಲ್ಲಿ ನಿಂತು, ಹರಿವಿನಲ್ಲಿ ತೇಲಿ ಬಂದದ್ದನ್ನು ಗಬಕ್ಕನೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಮರಗಿಡಗಳಿಂದ ಬೀಳುವ ಇರುವೆ, ಜೀರುಂಡೆ, ಮಿಡತೆಗಳೂ ಸಿಗುತ್ತವೆ. ದೊಡ್ಡ ಮೀನು ಸಿಗಡಿಯಂಥ ಕ್ರೇಫಿಶ್ಶನ್ನೂ ಸಣ್ಣ ಮೀನನ್ನೂ ಬಿಡುವುದಿಲ್ಲ. ಆದರೂ ಈ ತೊರೆಗಳಲ್ಲಿ ಮೇವು ಕಡಿಮೆಯೇ. ಅದಕ್ಕೇ ಇಲ್ಲಿ ಗೇಣುದ್ದ ಬೆಳೆದರೆ ಜಾಸ್ತಿ. ಕೆನಡಾದ ನಿಪಿಗಾನ್ ನದಿಯಲ್ಲಿ ನೂರು ವರ್ಷದ ಹಿಂದೆ ಸಿಕ್ಕ ಬ್ರೂಕ್ ಟ್ರೌಟ್ ಆರೂವರೆ ಕಿಲೋ ತೂಗಿತ್ತು!

ಇನ್ನು, ಮೇಲೇ ಯಾಕೆ ಅಂದರೆ ತಂಪು ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒದ್ದಾಡುತ್ತದೆ, 25ರ ಹತ್ತಿರ ಬಹಳ ಹೊತ್ತು ಬದುಕುವುದಿಲ್ಲ. ತಣ್ಣೀರಿನಲ್ಲಿ ಆಮ್ಲಜನಕವೂ ಜಾಸ್ತಿ ಇರುತ್ತದೆ, ಅಲ್ವಾ? ಮೊಟ್ಟೆ ಇಡುವುದು ಚಳಿ ಶುರುವಾಗುವ ಮೊದಲು. ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡುತ್ತದೆ. ಅಲ್ಲಿಗೆ ಹೂಳು ಬಂದು ಕೂತರೆ ಮೊಟ್ಟೆಗೆ ಉಸಿರಿಲ್ಲ.

ಆದರೆ ತಂಪೊಂದೇ ಕಾರಣವಲ್ಲ. ಒಂದು ಕಾಲಕ್ಕೆ ಕೆಳಗಿನ ಹೊಳೆಗಳಲ್ಲೂ ಇದು ಇತ್ತು. 1900ರ ನಂತರ ಮರದ ಕಂಪನಿಗಳು ಕಾಡು ಬೋಳಿಸಿದವು. ನೆರಳು ಹೋಯಿತು, ನೀರು ಕಾಯಿತು, ಮಣ್ಣು ಹರಿದು ಬಂತು. ಸಾಲದ್ದಕ್ಕೆ ಹೊರಗಿನ ರೇನ್‌ಬೋ ಟ್ರೌಟ್ ತಂದು ಬಿಟ್ಟರು. ಅದರ ಜೊತೆ ಪೈಪೋಟಿಯಲ್ಲಿ ಪಾಪ ಇದು ಮೇಲಕ್ಕೆ ಸರಿಯಿತು. ಈಗ ಹೆಚ್ಚಾಗಿ 3,000 ಅಡಿಗೂ ಮೇಲೇ ಕಾಣುತ್ತದೆ. ಲಿನ್ ಕ್ಯಾಂಪ್ ಪ್ರಾಂಗ್ ಎಂಬ ತೊರೆಯಲ್ಲಿ ರೇನ್‌ಬೋ ತೆಗೆದು ಇದನ್ನು ಮತ್ತೆ ತಂದು ಬಿಟ್ಟಿದ್ದಾರೆ, ಚೆನ್ನಾಗಿ ನೆಲೆಯೂರಿದೆ. ನನಗೆ ಈಗಿನ ಚಿಂತೆ ಹೆಮ್ಲಾಕ್ ಮರದ್ದು. ತೊರೆಗೆ ನೆರಳು ಕೊಡುವ ಈ ಮರಗಳನ್ನು ಏಷ್ಯಾದಿಂದ ಬಂದ ಒಂದು ಪುಟ್ಟ ಕೀಟ ರಸ ಹೀರಿ ಕೊಲ್ಲುತ್ತಿದೆ. ಮೀನು ಉಳಿಯಬೇಕಾದರೆ ಮೊದಲು ದಡದ ಮರ ಉಳಿಯಬೇಕು.

ನಿಮ್ಮ ಕೆರೆಗೆ ಇದು ಆಗಿಬರುವುದಿಲ್ಲ. ಬೇಸಿಗೆಯಲ್ಲಿ ತೀರ್ಥಹಳ್ಳಿಯ ಕೆರೆಯ ನೀರು 25 ಡಿಗ್ರಿ ದಾಟುತ್ತದೆ, ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಕಾಟ್ಲಾ, ರೋಹು ಬಿಡಿ. ಮಳೆಗಾಲ ಶುರುವಾದ ಮೇಲೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಮರಿ ವಿಚಾರಿಸಿ. ಟ್ರೌಟ್ ನೋಡುವ ಆಸೆಯಿದ್ದರೆ ಊಟಿ ಹತ್ತಿರದ ಅವಲಾಂಚ್ ಕಡೆ ಹೋಗಿಬನ್ನಿ, ಅಲ್ಲಿರುವುದು ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ರೇನ್‌ಬೋ.